ನಿಮ್ಮವ್ವ ಓದಿದ ಸಂವಹನ

ಹೋದ ವಾರ ಭಾಲ್ಕಿಯ ಮನೆಗೆ ಬಣ್ಣ ಹಚ್ಚಿಸಿದೆ. ಟರ್ಪೆಂಟೈನ್ ವಾಸನೆಗೆ ತಲೆ ತಿರುಗಿ ಅಂಗಳದಲ್ಲಿ ಕೂತಿದ್ದಾಗ ಬಣ್ಣದವನು ಒಳಗಿನಿಂದ ಕೂಗಿದ.

"ಅಮ್ಮಾ, ಈ ಚೌಕಟ್ಟಿಗಿ ಎಣ್ಣಿ ಕಲಿ ಹ್ಯಾಂಗ ಬಿತ್ರಿ? ಎಷ್ಟ ತಿಕ್ಕಿದ್ರೂ ಬಣ್ಣ ಹಿಡೀಲಾಕ ಒಲ್ದ್ರಿ."

"ಒಗ್ಗರಣಿ ಸಿಡಿದಿರಬೇಕಪ್ಪ," ಅಂದೆ.

"ಇಷ್ಟೆತ್ತರ ಸಿಡೀತದೇನ್ರಿ ಒಗ್ಗರಣಿ? ಭಲೇ ಒಗ್ಗರಣಿ ಬಿಡ್ರಿ ನಿಮ್ದು!"

ಅದು ನನ್ನ ತಲೆಯೆಣ್ಣೆಯ ಕಲೆ ಎಂದು ಅವನಿಗೆ ಹೇಳಲು ನಾಚಿಕೆಯಾಯಿತು. ನಿಮಗೆ ಹೇಳುತ್ತೇನೆ ಮೊಮ್ಮಕ್ಕಳೇ. ಬರೆಯುವಾಗ ನಾಚಿಕೆ ಅಷ್ಟಾಗಿ ಅಡ್ಡ ಬರುವುದಿಲ್ಲ.

ನಾನು ಸೊಸೆಯಾಗಿ ಬಂದಾಗ ಗಂಡನ ಅಣ್ಣನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಭಾವ ಪಡಸಾಲೆಯಲ್ಲಿ, ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ, ಸೆರಗು ಮುಂದೆಳೆದು, ತಲೆ ಚೌಕಟ್ಟಿಗೆ ಆನಿಸಿ ನಿಲ್ಲಬೇಕು. ಏನು ಹೇಳುವುದಿದ್ದರೂ ನಡುವೆ ಒಬ್ಬರು ಅದನ್ನು ಒಯ್ಯಬೇಕು. ಇಬ್ಬರಿಗೂ ಇಬ್ಬರ ಮಾತೂ ಕೇಳಿಸುತ್ತದೆ. ಆದರೆ ಒಯ್ಯುವವರು ಒಯ್ದು ಮುಟ್ಟಿಸುವ ತನಕ ಅದು ಕೇಳಿಸಿದ ಲೆಕ್ಕವಲ್ಲ. ನನ್ನ ಗಂಡ ಇರುವವರೆಗೆ ಅವರೇ ಒಯ್ಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಕೆಲಸ ನಿಮ್ಮವ್ವನಿಗೆ ಬಂತು. ಆಗ ಅವಳಿಗೆ ಲಂಗ ಕೂಡ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.

ಮಾತು ಒಯ್ಯುವುದರಲ್ಲಿ ಅವಳು ಸೋಸುವವಳಲ್ಲ. "ಹಾಲಿಲ್ಲ, ಕರಿ ಚಹಾ ನಡೀತದೇನು ಕೇಳು" ಎಂದು ಹೇಳಿ, ನಾನು ನನ್ನಷ್ಟಕ್ಕೆ ಏನೋ ಗೊಣಗಿದರೆ, ಅದನ್ನೂ ಒಯ್ಯುವಳು. "ದೊಡ್ಡಪ್ಪಾ, ಹಾಲಿಲ್ಲಂತ. ಮತ್ತ, ಈ ಮನುಷ್ಯಾಗ ಹೊತ್ತಿಲ್ಲ ಗೊತ್ತಿಲ್ಲ ಅಂತ ಅವ್ವ ಅನ್ಲಾಕತ್ಯಾಳ." ಭಾವ ಕೆಮ್ಮುತ್ತಿದ್ದರು. ನಾನು ಒಲೆಯೊಳಗೆ ಹೊಕ್ಕುಬಿಡಲೇ ಅನ್ನಿಸುತ್ತಿತ್ತು.

ಅವಳು ಡಿಗ್ರಿಗೆ ಬೀದರಿಗೆ ಹೋಗಿ ಸಂವಹನ ತೆಗೆದುಕೊಂಡಳು. ಮೈಲೂರಿನಲ್ಲಿ ಒಬ್ಬ ನರ್ಸ್ ಬಾಯಿಯ ಮನೆಯಲ್ಲಿ ಅವಳ ವಾಸ. ಅವರು ಪ್ರತಿ ಭಾನುವಾರ ಚರ್ಚಿಗೆ ಹೋಗುವಾಗ ಇವಳಿಗೆ ಬೀಗದ ಕೈ ಕೊಟ್ಟು ಹೋಗುತ್ತಿದ್ದರಂತೆ. ಅಷ್ಟು ನಂಬಿಕೆ. ರಜೆಗೆ ಬಂದಾಗ ಕೇಳಿದೆ, "ಏನದು ಸಂವಹನ ಅಂದ್ರ?"

"ಒಬ್ಬರು ಹೇಳೋದು, ಇನ್ನೊಬ್ಬರಿಗಿ ಮುಟ್ಟೋದು, ನಡುವ ಏನೇನು ಅಡ್ಡ ಬರ್ತದ ಅನ್ನೋದು."

"ಅದಕ್ಕೂ ಡಿಗ್ರಿ ಕೊಡ್ತಾರ?"

"ಕೊಡ್ತಾರವ್ವ. ನಮ್ಮ ಮನಿ ನೋಡಿದ್ರ ಡಾಕ್ಟರೇಟೇ ಕೊಡ್ತಾರ."

ನಕ್ಕು ನಕ್ಕು ನನಗೆ ಉಬ್ಬಸ ಬಂತು. ಚಪಾತಿ ಲಟ್ಟಿಸುವಾಗ ಲಟ್ಟಣಿಗೆಯನ್ನೇ ಮೈಕಿನಂತೆ ಹಿಡಿದು ನನಗೆ ವಾರ್ತೆ ಓದುತ್ತಿದ್ದಳು. ಭಾಲ್ಕಿಯಲ್ಲಿ ಬದನೆಕಾಯಿ ದರ ಏರಿದ ಸುದ್ದಿಯನ್ನು ರಾಜ ಸತ್ತಂತೆ ಓದುವಳು. ಆ ದನಿಯನ್ನು ನೀವು ಕೇಳಿಲ್ಲ. ಈಗ ಅವಳಲ್ಲಿ ಅದು ಇಲ್ಲ.

ಎರಡನೇ ವರ್ಷದ ಕೊನೆಗೆ ಕಮಲನಗರದ ಸಂತೆಯಲ್ಲಿ ಜನರನ್ನು ಮಾತಾಡಿಸಿ ಬರಲು ಅವಳ ಕ್ಲಾಸಿನವರನ್ನು ಕಳಿಸಿದ್ದರು. ಮೈಕ್ ಹಿಡಿದು, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ತೊಗರಿ ಮಾರುವವರಿಗೆ ಇವಳು ಪ್ರಶ್ನೆ ಕೇಳುತ್ತಿದ್ದುದನ್ನು ಯಾರೋ ನೋಡಿ ಬಂದು ಹೇಳಿದರು. ಮರುದಿನ ಭಾವ ಪಡಸಾಲೆಯಲ್ಲಿ ಕೂತು, ಕಂಬಕ್ಕೆ ಹೇಳುವಂತೆ ಹೇಳಿದರು:

"ಭರೇ ಬಜಾರದಾಗ ಗಂಡಸರ ನಡುವ ನಿಂತಿತ್ತಂತ ಹುಡುಗಿ. ಔರಾದದವರು ಕೇಳ್ಯಾರ, ಛಲೋ ಮನಿತನ. ಕಲ್ತದ್ದು ಸಾಕು. ನಾಳಿ ಹೋಗಿ ಕರ್ಕೊಂಡು ಬರ್ತೇನಿ."

ಮಾತು ಒಯ್ಯುವವಳು ಬೀದರಿನಲ್ಲಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಬಾಗಿಲ ಮರೆಯಿಂದಲೇ, ಪಡಸಾಲೆಗೆ ಕೇಳುವಷ್ಟು ಗಟ್ಟಿಯಾಗಿ ಅಂದೆ: "ಒಂದೇ ವರ್ಷ ಉಳದದ. ಅಕಿ ಮುಗಿಸ್ಲಿ. ನಂಗ ಒಪ್ಪಿಗಿ ಇಲ್ಲ."

ಭಾವ ಬಸಿಯಲ್ಲಿದ್ದ ಚಹಾ ಕುಡಿದು ಮುಗಿಸಿದರು. ಟೋಪಿ ಸರಿಮಾಡಿಕೊಂಡರು. ಕಂಬದ ಕಡೆ ನೋಡಿ, "ಯಾರೂ ಏನೂ ಅನ್ಲಿಲ್ಲ. ಅಂದ್ರ ಒಪ್ಪಿಗಿನೇ ಅದ," ಎಂದು ಎದ್ದು ಹೋದರು.

ಮರುದಿನ ಮಧ್ಯಾಹ್ನದ ಬಸ್ಸಿಗೆ ನಿಮ್ಮವ್ವ ಬಂದಳು. ಚೀಲ ಇಟ್ಟಳು, ಕೈಕಾಲು ತೊಳೆದಳು. ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವಳ ದುಃಖ ದೊಡ್ಡದು, ಅದರ ನಡುವೆ ನನ್ನದೇನು ಅಂದುಕೊಂಡೆ. ಮದುವೆಯಾಯಿತು, ನೀವು ಹುಟ್ಟಿದಿರಿ. ನಿಮ್ಮಪ್ಪ ಒಳ್ಳೆಯವನೇ, ಅವನ ಮೇಲೆ ನನ್ನದೇನೂ ದೂರಿಲ್ಲ. ನಿಮ್ಮವ್ವ ಮಾತ್ರ ಹೂಂ, ಊಹೂಂಗಳಲ್ಲಿ ಸಂಸಾರ ಮಾಡಿದಳು. ನನ್ನ ಜೊತೆಗೂ ಅಷ್ಟೇ.

ಬಣ್ಣದವನು ಹೋದ ಮರುದಿನ ಔರಾದಕ್ಕೆ ಬಂದಿದ್ದೆನಲ್ಲ, ಆಗ ನೀವು ಶಾಲೆಯಲ್ಲಿದ್ದಿರಿ. ಅವನ ಒಗ್ಗರಣೆಯ ಮಾತು ಹೇಳಿದರೆ ನಿಮ್ಮವ್ವ ನಕ್ಕಾಳು ಎಂಬ ಆಸೆಯಿಂದ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಾ ಅಂದಳು:

"ಅಲ್ಲೇ ನಿಂತಿದ್ದಿ ಅವತ್ತೂ. ಒಂದು ಮಾತರ ಆಡಬೇಕಿತ್ತವ್ವ."

"ಆಡಿದ್ನಲ್ಲ!" ಅಂದೆ. "ಒಪ್ಪಿಗಿ ಇಲ್ಲ ಅಂತ ಖುಲ್ಲಾ ಅಂದೀನಿ."

ಅವಳ ಕೈ ನಿಂತಿತು. "ನಿಮ್ಮವ್ವ ತುಟಿ ಬಿಚ್ಚಲಿಲ್ಲ ಅಂದಿದ್ರು ದೊಡ್ಡಪ್ಪ. ಹಾದಿ ತುಂಬ ಅದೇ ಅಂದ್ರು."

ಸಾಕ್ಷಿ ಹೇಳಲು ಈಗ ಭಾವನೂ ಇಲ್ಲ, ಹೋಗಿ ಎಷ್ಟೋ ವರ್ಷವಾಯಿತು. ಬುಟ್ಟಿಯಲ್ಲಿದ್ದ ಕಾಳುಗಳನ್ನೇ ನೋಡುತ್ತಾ ಅವಳು ಕೇಳಿದಳು, "ಇಷ್ಟು ವರ್ಷ ನನಗ್ಯಾಕ ಹೇಳ್ಲಿಲ್ಲ?"

"ನಿನಗ ಗೊತ್ತೇ ಇರ್ತದ ಅಂತ ತಿಳ್ಕೊಂಡಿದ್ದೆ."

ಒಂದು ಕಾಯಿ ಸುಲಿದು ಬುಟ್ಟಿಗೆ ಹಾಕಿದಳು. ಆಮೇಲೆ, "ಮೊದಲನೇ ವರ್ಷದಾಗೇ ಕಲಿಸ್ಯಾರವ್ವ ಇದನ್ನ," ಅಂದಳು. "ಹಿಂಗ ತಿಳ್ಕೋಬಾರದು ಅಂತ."

ಕೊನೆಯ ವರ್ಷದಲ್ಲಿ ಏನು ಕಲಿಸುತ್ತಾರೋ, ಇಬ್ಬರಿಗೂ ಗೊತ್ತಿಲ್ಲ. ನೀವು ಶಾಲೆಯಿಂದ ಬರುವ ತನಕ ಅವರೆಕಾಯಿ ಸುಲಿದೆವು.