ಮಗಳ ಕಾಲಿನ ತಿರುಪುಗಳು

ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಶಾಪಿನ ಆ ಫಿಟ್ಟರ್‌ನನ್ನು ಎಲ್ಲರೂ ‘ಅಲನ್ ಕೀ’ ಎಂದೇ ಕರೆಯುತ್ತಿದ್ದರು. ಆರು ಮೂಲೆಯ ಬಾಗಿದ ಕೀಲಿಗಳ ಗೊಂಚಲು ಅವನ ಜೇಬು ಬಿಟ್ಟು ಇಳಿದದ್ದೇ ಇಲ್ಲ. ಅಚ್ಚು ಬಿಗಿಯಲು ದಪ್ಪ ತಲೆಯ ಬೋಲ್ಟು, ತಲೆ ತಗಡಿನೊಳಗೇ ಅಡಗಬೇಕಾದ ಕಡೆ ಕೌಂಟರ್‌ಸಂಕ್ ಸ್ಕ್ರೂ, ಶಾಫ್ಟಿನ ಮೇಲೆ ಪುಲ್ಲಿ ಜಾರದಂತೆ ಹಿಡಿಯಲು ತಲೆಯೇ ಇಲ್ಲದ ಗ್ರಬ್ ಸ್ಕ್ರೂ. ಕೀಲಿ ಕೂರಲು ಎಲ್ಲಕ್ಕೂ ಆರು ಮೂಲೆಯದೇ ಗುಳಿ.

ಮಗಳ ಕಣಕಾಲಿನ ಮೂಳೆಯಲ್ಲಿ ಕ್ಯಾನ್ಸರ್ ಗಡ್ಡೆ ಕಾಣಿಸಿತು. ಮಂಡಿಯ ಕೆಳಗೆ ಕಾಲು ತೆಗೆಯದೆ ಗತಿಯಿಲ್ಲ ಎಂದು ಡಾಕ್ಟರು ಹೇಳಿದರು. ಗಾಯ ಮಾಗಿದ ಮೇಲೆ ಕೃತಕ ಕಾಲು ಬಂತು. ಉಳಿದ ಕಾಲನ್ನು ಕೂರಿಸುವ ಬಟ್ಟಲಿಗೆ ಕೆಳಗಿನ ಕೊಳವೆ ಸೇರುವಲ್ಲಿ ಸುತ್ತಲೂ ನಾಲ್ಕು ಗ್ರಬ್ ಸ್ಕ್ರೂ.

“ಒಂದನ್ನ ಸ್ವಲ್ಪ ಸಡಿಲ ಮಾಡಿ, ಎದುರಿನದನ್ನ ಬಿಗಿ ಮಾಡಿ. ಕಾಲಿನ ವಾಟ ಬದಲಾಗುತ್ತೆ,” ಎಂದು ಕಾಲು ಜೋಡಿಸುವ ಮೇಡಂ ತೋರಿಸಿಕೊಟ್ಟರು.

ಅಂದಿನಿಂದ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಮಗಳು ಗೋಡೆ ಹಿಡಿದು ನಿಲ್ಲುವಳು, ಅವನು ನೆಲದ ಮೇಲೆ ಕೂತು ಕೀಲಿ ತಿರುಗಿಸುವನು.

“ಅಪ್ಪಾ, ಮೆಷೀನಿಗೆ ಹಾಕೋ ಗ್ರೀಸ್ ನಂಗೂ ಹಾಕ್ತೀಯಾ?”

“ನಿನ್ನ ನಾಲಿಗೆಗಂತೂ ಬೇಡ ಪುಟ್ಟಿ, ಅದು ಹೇಗೂ ಸರಾಗವಾಗಿ ಓಡುತ್ತೆ!”

ಅಡುಗೆಮನೆಯಲ್ಲಿ ಅವಳಮ್ಮ ನಗುವುದು ಕೇಳಿಸುತ್ತಿತ್ತು.

ಹುಡುಗಿ ಓಡುವಷ್ಟಾದಳು. ಆಮೇಲೆ ಕೆಮ್ಮು ಶುರುವಾಯಿತು. ರೋಗ ಶ್ವಾಸಕೋಶಕ್ಕೆ ಹಬ್ಬಿತ್ತು. ಮೈ ಕರಗಿ ಕಡ್ಡಿಯಾಗಿ, ಬಟ್ಟಲೊಳಗೆ ಕಾಲು ನಿಲ್ಲದಾಯಿತು.

“ಸ್ವಲ್ಪ ಬಿಗಿ ಮಾಡಪ್ಪಾ, ಅಲ್ಲಾಡ್ತಿದೆ.”

ತಪ್ಪು ತಿರುಪಿನದಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಗುಳಿಯಲ್ಲಿ ಕೀಲಿಯಿಟ್ಟು ತಿರುಗಿಸಿದಂತೆ ಮಾಡಿದ.

“ಈಗ?”

“ಸರಿಯಾಯ್ತಪ್ಪಾ.”

ಮಗಳು ಸುಳ್ಳು ಹೇಳುತ್ತಿದ್ದಾಳೆಂದು ಅವನಿಗೆ ತಿಳಿಯಿತು. ತಲೆ ಎತ್ತಲಾಗಲಿಲ್ಲ.

ಮಗಳು ಹೋದ ಮೇಲೆ ಆ ಕಾಲು ಬಾಗಿಲ ಹಿಂದೆ ಹಾಗೇ ನಿಂತಿತ್ತು, ಷೂ ಸಮೇತ. ಗುಡಿಸುವಾಗ ಹೆಂಡತಿ ಅದರ ಸುತ್ತಲೂ ಗುಡಿಸುತ್ತಿದ್ದಳು. ಒಂದು ದಿನ ಅವಳೇ ಬಾಯಿಬಿಟ್ಟಳು: “ಕೊಟ್ಬಿಡಿ ರೀ. ಯಾರ ಮಗೂಗೋ ಆದೀತು.”

ಅವನು ಕಾಲು ಜೋಡಿಸುವ ಕೇಂದ್ರಕ್ಕೆ ಹೋಗಿ ಮೇಡಂ ಎದುರಿಗೇ ಅದರ ಭಾಗಗಳನ್ನು ಬಿಚ್ಚಲು ಕೂತ. ಕಣ್ಣು ಮಂಜಾಗಿ ಕೀಲಿ ಗುಳಿಗೆ ಸಿಗಲಿಲ್ಲ. ಮೇಡಂ ಕೈ ನೀಡಿದರು, ಬೇಡವೆಂದು ತಲೆಯಾಡಿಸಿದ. ತಡಕಾಡಿ ತಡಕಾಡಿ ತಾನೇ ಬಿಚ್ಚಿದ. ಕೊಳವೆ, ಪಾದ, ತಿರುಪು ಎಲ್ಲ ಮೇಜಿನ ಮೇಲಿಟ್ಟ.

“ಬಟ್ಟಲು?” ಎಂದರು ಮೇಡಂ ಮೆಲ್ಲಗೆ.

“ಅದು ಅವಳ ಅಳತೇದು ಮೇಡಂ. ಬೇರೆ ಯಾರಿಗೂ ಆಗಲ್ಲ.”

ಅದನ್ನು ಎದೆಗೊತ್ತಿಕೊಂಡು, ಬಸ್ಸಿನವರೆಲ್ಲ ನೋಡುತ್ತಿದ್ದರೂ ಬಿಕ್ಕುತ್ತಲೇ ಮನೆಗೆ ಬಂದ.