ಅಪ್ಪನಲ್ಲಿ ಉಳಿದ ಒಂದು ಮಾತು

ಮೊದಲಿಗೇ ಒಂದು ಅರಿಕೆ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳೇ ಹೊರತು ಬರಹಗಾರ್ತಿಯಲ್ಲ. ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದವರಲ್ಲಿ ನಾನೇ ಮೊದಲಿಗಳು. ಆದ್ದರಿಂದ ಏನನ್ನಾದರೂ ಬರೆಯಲು ಕುಳಿತರೆ ಎಲ್ಲಿ ತಪ್ಪುತ್ತೇನೋ ಎಂಬ ಅಂಜಿಕೆ ಇಂದಿಗೂ ಬಿಟ್ಟಿಲ್ಲ. ವೈದ್ಯರು ಹೇಳಿದ್ದನ್ನು ನನಗೆ ತಿಳಿದಷ್ಟು ಮಾತ್ರ ಇಲ್ಲಿ ಬರೆದಿದ್ದೇನೆ. ಕೆಲವು ದಿನಗಳ ನೆನಪು ಹಿಂದುಮುಂದಾಗಿರಬಹುದು. ಕೊರತೆಗಳನ್ನು ಓದುವವರು ಸೈರಿಸಿಕೊಳ್ಳಬೇಕು.

ತೊಂಬತ್ತೊಂದರ ಬೇಸಿಗೆ. ರಾಯಬಾಗದ ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪ ಚಹಾ ಕುಡಿಯುತ್ತಿದ್ದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಶಿಪಾಯಿಯಾಗಿ ದುಡಿದು ನಿವೃತ್ತರಾದವರು. ಅವರು ಯಾವಾಗಲೂ ಚಹಾವನ್ನು ಕಪ್ಪಿನಿಂದ ಬಸಿಗೆ ಸುರುವಿಕೊಂಡೇ ಕುಡಿಯುವರು. ಅಂದು ಬಸಿ ತುಟಿಗೆ ತಾಗಿತ್ತು. ಚಹಾ ಬಾಯಿಯ ಬಲಮೂಲೆಯಿಂದ ಇಳಿದು ಅಂಗಿಯ ಮೇಲೆ ಬೀಳುತ್ತಿತ್ತು. ಅದು ಅವರಿಗೆ ಗೊತ್ತೇ ಆಗಲಿಲ್ಲ.

"ಅಪ್ಪಾ, ಅಂಗಿ ತೋಯಸ್ಕೊಳ್ಳಾಕತ್ತೀರಿ ನೋಡ್ರಿ" ಎಂದೆ.

ಅವರು ನನ್ನತ್ತ ನೋಡಿದರು. ಬಸಿ ಕೈಯಿಂದ ಜಾರಿತು.

ಅದರ ಹಿಂದೆಯೇ ಅಪ್ಪ ಬಲಕ್ಕೆ ವಾಲಿ ಬಿದ್ದರು.

ಬಾಡಿಗೆಯ ಜೀಪಿನಲ್ಲಿ ಮಿರಜಿಗೆ ಹೋದೆವು. ಕೃಷ್ಣಾ ನದಿಯ ಸೇತುವೆ ದಾಟಿ ಊರು ಮುಟ್ಟುವವರೆಗೂ ಅವ್ವ ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೇ ಕುಳಿತಿದ್ದಳು. ಆಸ್ಪತ್ರೆಯಲ್ಲಿ ಬಿ.ಪಿ. ನೋಡಿದರು, ಸಲೈನ್ ಹಚ್ಚಿದರು, ಸ್ಕ್ಯಾನ್ ಮಾಡಿಸಿದರು. ಸ್ಟ್ರೋಕ್ ಎಂದರು. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದರಿಂದ ಬಲಗೈ, ಬಲಗಾಲು ಮತ್ತು ಮಾತು ಹೋಗಿವೆ ಎಂದರು. ನಾನು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆಯುವ ಕೆಲಸ ಇರುವವರೆಗೆ ಅಳು ಬರುವುದಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಡಾಕ್ಟರು ರೌಂಡ್ಸಿಗೆ ಬಂದು ಅಪ್ಪನ ಭುಜ ಮುಟ್ಟಿ ಮರಾಠಿಯಲ್ಲಿ ಹೆಸರು ಕೇಳಿದರು: "ಬಾಬಾ, ನಾವ್ ಕಾಯ್ ತುಮ್ಚ?"

ಅಪ್ಪನ ತುಟಿ ಅಲುಗಿತು. ಬಹಳ ಹೊತ್ತಿನ ಮೇಲೆ ಒಂದು ಮಾತು ಹೊರಟಿತು.

"ಹೌದ್ರಿ."

"ಇವರು ನಿಮಗ ಏನಾಗಬೇಕು?" ಎಂದು ಡಾಕ್ಟರು ನನ್ನನ್ನು ತೋರಿಸಿ ಕನ್ನಡದಲ್ಲಿ ಕೇಳಿದರು.

"ಹೌದ್ರಿ."

ಅವ್ವನಿಗೆ ಸಂತೋಷವಾಯಿತು. ಮಾತು ಬಂತಲ್ಲ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಡಾಕ್ಟರು ನನ್ನನ್ನು ಹೊರಗೆ ಕರೆದು ತಿಳಿಸಿದರು. ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಎದುರಿನವರು ಆಡಿದ್ದು ಬಹುಮಟ್ಟಿಗೆ ತಿಳಿಯುತ್ತದೆ, ಆದರೆ ಹೇಳಬೇಕಾದ ಮಾತು ಸಿಗುವುದಿಲ್ಲ. ಕೆಲವರಲ್ಲಿ ಒಂದೇ ಒಂದು ಶಬ್ದ ಉಳಿದು, ಎಲ್ಲದಕ್ಕೂ ಅದೇ ಬರುತ್ತದೆ. "ಅದನ್ನ ಅವರು ಆರಿಸಿಕೊಂಡಿಲ್ಲ. ಹೌದು ಅಂದ್ರ ಹೌದು ಅಂತ ತಿಳಕೋಬ್ಯಾಡ್ರಿ. ಇಲ್ಲ ಅನ್ನೂದಕ್ಕೂ ಅದ ಮಾತ ಬರಬಹುದು."

ಆರಿಸಿಕೊಂಡಿಲ್ಲ ಎಂಬ ಮಾತನ್ನೂ ಬರೆದುಕೊಂಡೆ. ಆದರೆ ನಂಬಲು ನನ್ನಿಂದ ಆಗಲಿಲ್ಲ. ಅದಕ್ಕೆ ಕಾರಣವನ್ನು ಇಲ್ಲಿಯೇ ಹೇಳಬೇಕು.

ಸ್ಟ್ರೋಕಿಗೆ ಸುಮಾರು ಎರಡು ವರ್ಷ ಹಿಂದಿನ ಮಾತು. ನಮ್ಮದು ಇಪ್ಪತ್ತು ಮನೆಗಳ ಸಣ್ಣ ಕ್ರೈಸ್ತ ಸಭೆ. ಪ್ರಾರ್ಥನಾ ಮಂದಿರದಲ್ಲಿ ಪ್ರತಿ ಭಾನುವಾರ ಹಿರಿಯರಲ್ಲಿ ಒಬ್ಬರು ಎದ್ದುನಿಂತು, ಎಲ್ಲರ ಪರವಾಗಿ ತಪ್ಪೊಪ್ಪಿಕೊಳ್ಳುವ ಮಾನಸಾಂತರದ ಪ್ರಾರ್ಥನೆ ಮಾಡುವ ರೂಢಿ. ಅಪ್ಪನ ಪಾಳಿ ಬಂದಾಗ ಅವರು ಮನೆಮಾತಿನಲ್ಲಿಯೇ ಮಾಡುತ್ತಿದ್ದರು. "ಯಪ್ಪಾ ದೇವರ, ಈ ವಾರಾನೂ ತಪ್ಪ ಮಾಡೇವಿ. ಬಾಯಿಂದ ಮಾಡೇವಿ, ಕೈಯಿಂದ ಮಾಡೇವಿ. ಹಡದಾಕಿ ಮಕ್ಕಳ ತಪ್ಪ ಹೊಟ್ಟ್ಯಾಗ ಹಾಕ್ಕೊಂಡಾಂಗ ನಮ್ಮವನ್ನೂ ಹಾಕ್ಕೋ." ಇದನ್ನು ಕೇಳಿ ಕಣ್ಣೀರು ತಂದುಕೊಳ್ಳುವ ಮುದುಕಿಯರಿದ್ದರು. ನನಗೂ ಚಿಕ್ಕಂದಿನಲ್ಲಿ ಅದು ಬಹಳ ಸೇರುತ್ತಿತ್ತು.

ಆ ವರ್ಷದ ಕ್ರಿಸ್ಮಸ್ ಆರಾಧನೆ ನೋಡಲು ನನ್ನ ಶಾಲೆಯ ಇಬ್ಬರು ಶಿಕ್ಷಕಿಯರು ಬಂದಿದ್ದರು. ಹೊರಗೆ ಬಂದಮೇಲೆ ಒಬ್ಬರು ನಗುತ್ತಾ ಕೇಳಿದರು: "ನಿಮ್ಮ ದೇವರಿಗೆ ಹೊಟ್ಟಿ ಐತೇನ್ರಿ, ಸುಶೀಲಾ ಮೇಡಮ್?" ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಆದರೆ ನಾನು ನಾಚಿಕೆಯಿಂದ ಕುಗ್ಗಿಹೋದೆ. ಅಂದೇ ಸಂಜೆ ಅಪ್ಪನಿಗೆ ಹೇಳಿದೆ: "ಹೊಟ್ಟ್ಯಾಗ ಹಾಕ್ಕೋ ಅನಬಾರದ ಅಪ್ಪಾ. ಕ್ಷಮಿಸು ಅನಬೇಕು." ದಪ್ಪ ಅಕ್ಷರಗಳಲ್ಲಿ ಒಂದು ಪ್ರಾರ್ಥನೆಯನ್ನು ಬರೆದುಕೊಟ್ಟೆ. ಅದರಲ್ಲಿ ಅಪರಾಧ, ಪಶ್ಚಾತ್ತಾಪ, ಕೃಪಾಸಾಗರ ಮುಂತಾದ ಶಬ್ದಗಳಿದ್ದವು. ಅವರು ಅದನ್ನು ಕಿಸೆಯಲ್ಲಿಟ್ಟುಕೊಂಡು ಆಡಿಗೆ ತೊಪ್ಪಲು ಹಾಕುವಾಗಲೂ ಬಾಯಿಪಾಠ ಮಾಡಿದರು. 'ಕ್ಷ' ಅವರ ನಾಲಿಗೆಗೆ ಒಗ್ಗಲಿಲ್ಲ.

ಮುಂದಿನ ಪಾಳಿಯಲ್ಲಿ ಎದ್ದುನಿಂತರು. "ನಮ್ಮ ಅಪರಾಧಗಳನ್ನು" ಎಂಬಲ್ಲಿಗೆ ಬಂದು ನಿಂತುಬಿಟ್ಟರು. ನಾನು ಹೆಂಗಸರ ಸಾಲಿನಿಂದ, ತರಗತಿಯಲ್ಲಿ ಹೇಳಿಕೊಡುವ ಧ್ವನಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದೆ: "ಕ್ಷಮಿಸು."

ಅಪ್ಪ ಕಣ್ಣು ತೆರೆದು ನನ್ನ ಕಡೆ ತಿರುಗಿದರು. "ಹೌದ್ರಿ, ಅಕ್ಕೋರ" ಎಂದು ಕುಳಿತುಬಿಟ್ಟರು.

ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಕೆಲವರು ನಕ್ಕು ಅದನ್ನು ಅಲ್ಲಿಗೇ ಮರೆತರು. ಅಪ್ಪ ನಗಲಿಲ್ಲ. ಅಂದಿನಿಂದ ಅವರು ಸಭೆಯಲ್ಲಿ ಬಾಯಿಬಿಟ್ಟು ಪ್ರಾರ್ಥನೆ ಮಾಡಲಿಲ್ಲ. ಪಾಳಿ ಬಂದರೆ ಪಕ್ಕದವರಿಗೆ "ನೀವ ಮಾಡ್ರಿ" ಎನ್ನುವರು. ನಾನೂ ಏನೂ ಕೇಳಲಿಲ್ಲ. ಈಗ ಅವರಲ್ಲಿ ಉಳಿದದ್ದು ಅಂದು ನನಗೆ ಹೇಳಿದ ಆ 'ಹೌದ್ರಿ'ಯೇ.

ಹದಿನೆಂಟು ದಿನಗಳ ನಂತರ ಅವರನ್ನು ಮನೆಗೆ ಕರೆತಂದೆವು. ನಾನು ಶಾಲೆಗೆ ದೀರ್ಘ ರಜೆ ಹಾಕಿದೆ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಇಲ್ಲವಾದರೆ ಬೆಡ್‌ಸೋರ್ ಆಗುತ್ತದೆ. ಬಲಗೈಯ ಬೆರಳುಗಳು ಮುಷ್ಟಿ ಕಟ್ಟಿಕೊಳ್ಳುತ್ತಿದ್ದವು; ಬೆಳಿಗ್ಗೆ, ಸಂಜೆ ಒಂದೊಂದನ್ನೇ ಬಿಡಿಸಿ ಫಿಜಿಯೋಥೆರಪಿ ಮಾಡಬೇಕು. ತೆಳ್ಳಗಿನದು ಕೊಟ್ಟರೆ ನೆತ್ತಿಗೇರಿ ಕೆಮ್ಮು. ಗಟ್ಟಿ ಗಂಜಿಯನ್ನು ನಾಲ್ಕು ಚಮಚ ನುಂಗಿ ಮುಖ ತಿರುವುತ್ತಿದ್ದರು. ಮೈ ದಿನದಿಂದ ದಿನಕ್ಕೆ ಇಳಿಯಿತು. ಹೀಗೆಯೇ ಆದರೆ ಮೂಗಿನಿಂದ ಟ್ಯೂಬ್ ಹಾಕಬೇಕಾದೀತು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು.

ನಡುನಡುವೆ ನಗುವಂಥ ದಿನಗಳೂ ಇದ್ದವು. ಹಾಲು ಹಾಕುವ ಹೆಣ್ಣುಮಗಳು ಒಮ್ಮೆ ಬಾಗಿಲಲ್ಲಿ ನಿಂತು, "ಕಾಕಾ, ನಾಳೆ ಹಾಲ ಬ್ಯಾಡೇನ್ರಿ?" ಎಂದು ಕೇಳಿದಳು. ಅಪ್ಪ "ಹೌದ್ರಿ" ಎಂದರು. ಮರುದಿನ ನಮಗೆ ಹಾಲಿಲ್ಲ. ಅವ್ವ ಅವಳನ್ನು ತರಾಟೆಗೆ ತೆಗೆದುಕೊಂಡು ಕೊನೆಗೆ ತಾನೇ ನಕ್ಕಳು. "ಮೂವತ್ತೈದ ವರ್ಷ ನನ್ನ ಒಂದ ಮಾತಿಗೂ ಹೌದ ಅನಲಿಲ್ಲ ಈ ಮನಶ್ಯಾ. ಈಗ ನೋಡ, ಕಂಡಕಂಡವರಿಗೆಲ್ಲಾ ಅಂತಾರ."

ಜೂನ್ ತಿಂಗಳಲ್ಲಿ ಐನಾಪುರದಿಂದ ಸೋದರತ್ತೆ ಬಂದರು. ಅಪ್ಪನ ಬೆನ್ನಿಗೆ ಬಿದ್ದ ತಂಗಿ. ಅಣ್ಣನ ಬಳಿ ಕುಳಿತು ಅವರ ಮುಷ್ಟಿಯನ್ನು ತಮ್ಮ ಅಂಗೈಯಲ್ಲಿ ಹಿಡಿದುಕೊಂಡರು. ಆಮೇಲೆ ಅಡುಗೆಮನೆಗೆ ಬಂದು ಅತ್ತಿಗೆಯಾದ ಅವ್ವನಿಗೆ ನಿಧಾನವಾಗಿ ಹೇಳಿದರು.

"ವೈನಿ, ಒಂದ ಮಾತ ಹೇಳತೇನಿ, ಸಿಟ್ಟಾಗಬ್ಯಾಡ. ಅಣ್ಣ ಎರಡ ವರ್ಷದಿಂದ ದೇವರ ಮುಂದ ಬಾಯಿ ಬಿಡಲಿಲ್ಲ. ಎಲ್ಲಾರೂ ನೋಡ್ಯಾರ. ಏನೋ ಒಂದ ತಪ್ಪ ಒಳಗ ಮುಚ್ಚಿಟ್ಟಾನ. ಅದಕ್ಕ ದೇವರು ಬಾಯಿನ ಕಟ್ಟ್ಯಾನ."

ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. ಅವಳಿಗೂ ಆ ಅನುಮಾನ ಇದ್ದಿರಬೇಕು.

ನಾನು ಅಲ್ಲಿಯೇ ಇದ್ದೆ. ಸುಮ್ಮನಿದ್ದೆ.

ಪಡಸಾಲೆಗೂ ಅಡುಗೆಮನೆಗೂ ನಡುವೆ ಬಾಗಿಲಿಲ್ಲ. ಅಪ್ಪನಿಗೆ ಇದೆಲ್ಲ ಕೇಳಿಸಿತ್ತು. ನಾನು ಹೋಗಿ ನೋಡಿದಾಗ ಅವರ ಕಣ್ಣುಗಳು ತೆರೆದಿದ್ದವು. ತಮ್ಮ ಮೇಲೆ ಬಂದ ದೂರಿಗೆ ಅಲ್ಲವೆನ್ನಲು ಅವರಲ್ಲಿ ಇದ್ದದ್ದು ಒಂದೇ ಮಾತು. ಅದನ್ನು ಆಡಿದರೆ ಒಪ್ಪಿಕೊಂಡಂತೆ. ಆಡಬಲ್ಲವಳಾದ ನಾನು ಆಡಲಿಲ್ಲ. ಪ್ರಾರ್ಥನೆಯಲ್ಲಿ ಅಪ್ಪನನ್ನು ತಿದ್ದಿದ್ದು ನನ್ನ ಅವಿವೇಕವಿರಬಹುದು. ಈ ಮೌನ ಪಾಪವೇ ಎಂದು ನನಗೆ ಸ್ಪಷ್ಟವಾಗಿ ತಿಳಿದಿತ್ತು. ಆ ವಾರವೆಲ್ಲ ಒಬ್ಬಳೇ ಮೊಣಕಾಲೂರಿ ದೇವರ ಕ್ಷಮೆ ಬೇಡಿದೆ. ವಾಕ್ಯಗಳು ದೋಷವಿಲ್ಲದೆ ಬರುತ್ತಿದ್ದವು. ಮನಸ್ಸು ಮಾತ್ರ ಹಗುರಾಗಲಿಲ್ಲ. ಕೇಳಬೇಕಾದವರು ಗೋಡೆಯ ಆಚೆ ಮಲಗಿರುವಾಗ ದೇವರನ್ನಷ್ಟೇ ಕೇಳಿ ಮುಗಿಸುವುದು ಒಂದು ಬಗೆಯ ತಪ್ಪಿಸಿಕೊಳ್ಳುವಿಕೆ ಎಂದು ನಿಧಾನವಾಗಿ ಅರಿವಾಯಿತು.

ಭಾನುವಾರ ಮಧ್ಯಾಹ್ನ ನಮ್ಮ ಪಾಸ್ಟರು ಅಪ್ಪನಿಗೆ ಕರ್ತನ ಭೋಜನದ ಪವಿತ್ರ ರೊಟ್ಟಿಯ ತುಣುಕು ಕೊಡಲು ಮನೆಗೆ ಬರುವವರಿದ್ದರು. ಅದಕ್ಕೆ ಮೊದಲು ಮನೆಯವರೆಲ್ಲ ತಪ್ಪು ಅರಿಕೆ ಮಾಡಿಕೊಳ್ಳುವುದು ಕ್ರಮ. ಹಿಂದಿನ ದಿನವೇ ನನ್ನ ಅರಿಕೆಯನ್ನು ಬರೆದು, ಎರಡು ಸಲ ತಿದ್ದಿ, ಶುದ್ಧಪ್ರತಿ ಮಾಡಿದೆ.

ಅಪ್ಪನನ್ನು ದಿಂಬಿಗೆ ಆನಿಸಿ ಕೂಡಿಸಿದ್ದೆವು. ಅತ್ತೆ ಅವರ ಕಾಲಬಳಿ, ಅವ್ವ ತಲೆಯ ಬಳಿ. ಪಾಸ್ಟರು ಪ್ರಾರ್ಥನೆ ಆರಂಭಿಸಿ, "ಯಾರಿಗಾದರೂ ಹೇಳೂದಿದ್ದರ ಹೇಳ್ರಿ" ಎಂದರು. ನಾನು ಕಾಗದ ತೆಗೆದು ಓದಿದೆ. ತಂದೆಯವರ ಭಕ್ತಿಗೆ ನನ್ನ ವಿದ್ಯಾಗರ್ವದಿಂದ ಉಂಟಾದ ಅಡಚಣೆಯ ಕುರಿತು ಅದರಲ್ಲಿ ನಾಲ್ಕು ವಾಕ್ಯಗಳಿದ್ದವು.

"ಹೌದ್ರಿ" ಎಂದರು ಅಪ್ಪ. ಹೆಡ್‌ಮಾಸ್ತರರಿಗೆ ಹೇಳುತ್ತಿದ್ದ ಧ್ವನಿ.

ಅತ್ತೆ ಕಣ್ಣು ತೆರೆದರು. "ಏನ ಹೇಳಿದಿ? ನನಗ ತಿಳೀಲಿಲ್ಲ."

ನಾನು ಮತ್ತೆ ಮೊದಲ ವಾಕ್ಯವನ್ನು ಓದತೊಡಗಿದೆ.

"ಪುಸ್ತಕ ಓದಿದಾಂಗ ಬ್ಯಾಡ ಬೇ. ಯಾರು ಏನ ಮಾಡಿದ್ರು, ಅಷ್ಟ ಹೇಳ."

ಕಾಗದ ಮಡಿಚಿದೆ. ಮನೆಮಾತಿನಲ್ಲಿ ಹೇಳಿದೆ. "ಅಪ್ಪನ ಬಾಯಿ ಮುಚ್ಚಿಸಿದಾಕಿ ನಾನ ಅತ್ತೀ. ಅಪ್ಪ ಮಾಡೂ ಪ್ರಾರ್ಥನಾ ಹಳ್ಳಿ ಮಾತಿಂದಂತ ನನಗ ನಾಚಿಕಿ ಆತು. ಮಂದಿ ಮುಂದ ಅವರನ್ನ ತಿದ್ದಿದೆ. ಅವತ್ತಿಂದ ಅವರು ಸುಮ್ಮನಾದರು. ಮೊನ್ನೆ ನೀವು ಅಪ್ಪಂದ ತಪ್ಪ ಅಂದಾಗನೂ ನಾ ಸುಮ್ಮನ ನಿಂತೆ." ಅಪ್ಪನ ಕಡೆ ತಿರುಗಿದೆ. "ತಪ್ಪಾತು ಅಪ್ಪಾ. ಹೊಟ್ಟ್ಯಾಗ ಹಾಕ್ಕೋರಿ."

ಮೊದಲು ಅತ್ತೆಯೇ ಮಾತೆತ್ತಿದರು. "ಅಂದ್ರ ನೀ ಮಾಡಿದ್ದನ್ನ ನಾ ಒಯ್ದು ದೇವರ ತಲೀಮ್ಯಾಲ ಹಾಕಿದ್ನಲ್ಲ. ಅಯ್ಯನವರ, ನಂದೂ ಒಂದ ಅರಿಕಿ ಐತ್ರಿ ಹಂಗಾರ." ಪಾಸ್ಟರು ತಲೆತಗ್ಗಿಸಿ ನಗು ತಡೆದುಕೊಂಡರು.

ಆಗ ಅಪ್ಪ ಎಡಗೈಯಿಂದ ನನ್ನ ಮುಂಗೈ ಹಿಡಿದರು. ಮೆಲ್ಲಗೆ ಎಳೆದು ತಮ್ಮ ಹೊಟ್ಟೆಯ ಮೇಲೆ ಇಟ್ಟುಕೊಂಡರು. ಎರಡು ಸಲ ಒತ್ತಿದರು. ಏನೂ ಹೇಳಲಿಲ್ಲ, ಹೌದ್ರಿ ಎಂದು ಕೂಡ.

"ಹಸದಾರ ನೋಡ" ಎಂದಳು ಅವ್ವ, ಎದ್ದೇಬಿಟ್ಟಳು.

ಭೋಜನ ಸಂಸ್ಕಾರ ಮುಗಿದ ಕೂಡಲೇ ಅವ್ವ ಹಾಲಿನಲ್ಲಿ ನೆನೆಸಿದ ರೊಟ್ಟಿ ತಂದಳು. ಅಪ್ಪ ಬಟ್ಟಲು ಬರಿದಾಗುವವರೆಗೆ ಉಂಡರು. ಸ್ಟ್ರೋಕ್ ಆದಮೇಲೆ ಅಷ್ಟು ಉಂಡದ್ದು ಅದೇ ಮೊದಲು.

ಅವರು ಕ್ಷಮಿಸಿದರೋ, ಹಸಿದಿದ್ದರೋ ನನಗೆ ಇಂದಿಗೂ ಖಚಿತವಿಲ್ಲ. ಮುಂದೆ ಮಿರಜಿಗೆ ತಪಾಸಣೆಗೆ ಹೋದಾಗ ಡಾಕ್ಟರನ್ನು ಕೇಳಬೇಕೆಂದಿದ್ದೆ. ತೂಕ ಹೆಚ್ಚಿದೆ, ಟ್ಯೂಬ್ ಬೇಡ ಎಂದು ಅವರು ಬರೆದುಕೊಟ್ಟ ಮೇಲೆ ಕೇಳಬೇಕೆನಿಸಲಿಲ್ಲ. ಮನುಷ್ಯರ ಕ್ಷಮೆಗೆ ಲಿಖಿತ ಪ್ರಮಾಣ ಬೇಕೆಂದು ಹಟ ಹಿಡಿಯುವುದೂ ನನ್ನ ಹಳೆಯ ರೋಗದ ಒಂದು ಲಕ್ಷಣವೇ. ದೇವರ ಕ್ಷಮೆಯನ್ನು ಕಾಣದೆಯೇ ನಂಬುತ್ತೇನೆ. ಅಪ್ಪನದು ನನ್ನ ಅಂಗೈಗೆ ತಾಕಿದೆ; ಅಷ್ಟು ಸಾಕು ಎಂದುಕೊಂಡಿದ್ದೇನೆ.

ಈಗ ಒಂದು ವರ್ಷ ದಾಟಿದೆ. ಅಪ್ಪ ಕೋಲು ಹಿಡಿದು ಹೊರಬಾಗಿಲವರೆಗೆ ನಡೆಯುತ್ತಾರೆ. ಬಲಗೈ ತಿರುಗಿ ಬಂದಿಲ್ಲ, ಬರುವುದಿಲ್ಲ ಎಂದಿದ್ದಾರೆ. ನೀರು, ಸಾಕು, ಬಾ ಎಂಬ ಮೂರು ಮಾತುಗಳು ಹೊಸದಾಗಿ ಬಂದಿವೆ. ನಾನು ಪುನಃ ಶಾಲೆಗೆ ಹೋಗುತ್ತಿದ್ದೇನೆ. ಮಧ್ಯಾಹ್ನದ ಮಾತ್ರೆ ಕೊಡುವುದು ಅವ್ವ. ಅತ್ತೆ ಎರಡು ವಾರಕ್ಕೊಮ್ಮೆ ಐನಾಪುರದಿಂದ ಬಂದು ನಾಲ್ಕು ದಿನ ಇದ್ದು ಅವ್ವನಿಗೆ ನಿದ್ರೆ ಮಾಡಲು ಬಿಡುವು ಕೊಡುತ್ತಾರೆ. ಅಪ್ಪ ಬೇಗ ಮಲಗುವುದರಿಂದ ಮನೆಯ ಪ್ರಾರ್ಥನೆಯನ್ನು ಸಂಜೆಗೆ ತಂದಿದ್ದೇವೆ. ಮೊದಲು ಅದನ್ನು ನಾನೊಬ್ಬಳೇ ಮಾಡುತ್ತಿದ್ದೆ. ಅವ್ವನಿಗೆ ಮಾಡು ಎಂದರೆ ಎರಡು ಮಾತಿಗೊಮ್ಮೆ ಕಣ್ಣು ತೆರೆದು, ಸರಿಯಾಯಿತೇ ಎಂದು ನನ್ನ ಮುಖ ನೋಡುತ್ತಿದ್ದಳು. ಈಗ ಅವಳು ಕಣ್ಣು ಮುಚ್ಚಿಕೊಂಡೇ ಮಾಡುತ್ತಾಳೆ.