ಒಲೆ ಹಚ್ಚದ ಮೀನು

ಸತ್ಯನಾರಾಯಣಪೇಟೆಯಲ್ಲಿ ನಮ್ಮ ಪಕ್ಕದ ಬಾಡಿಗೆ ಮನೆಯಲ್ಲಿದ್ದ ಕೋರ್ಟು ಗುಮಾಸ್ತರು ಯಾವ ಮಾತಿಗೂ ಕನ್ನಡಕ ಒರೆಸಿಕೊಂಡು, "ಕಾಗದದಾಗ ಏನೈತೋ ಅಷ್ಟ ಓದ್ರಿ" ಎನ್ನುತ್ತಿದ್ದರು. ಅವರ ಬಾಡಿಗೆ ಕರಾರಿನಲ್ಲಿ ಮೀನು ಬೇಯಿಸಕೂಡದೆಂದಿತ್ತು. ತಪ್ಪಿದರೆ ಮನೆ ಖಾಲಿ. ಮನೆಯೊಡತಿ ಲಿಂಗಪೂಜೆ ತಪ್ಪಿಸದ ಅಜ್ಜಿ.

ಒಂದು ಭಾನುವಾರ ಗುಮಾಸ್ತರು ಮೊಬೈಲಿನಲ್ಲಿ ಕಲಿತ ವಿದ್ಯೆಯಂತೆ ಹಸಿ ಮೀನನ್ನು ತೆಳ್ಳಗೆ ಹೆಚ್ಚಿ, ನಿಂಬೆರಸ, ಈರುಳ್ಳಿ, ಮೆಣಸಿನಕಾಯಿ ಬೆರೆಸಿ, ಸಾಕ್ಷಿಗೆಂದು ನನ್ನನ್ನು ಕೂರಿಸಿಕೊಂಡರು. ವಾಸನೆ ಹಿಡಿದು ಅಜ್ಜಿ ಬಂದೇ ಬಂದರು.

"ಏನಪ್ಪಾ ಇದು?"

"ಮೀನು ಖರೆ, ಅವ್ವಾರ. ಆದ್ರ ಬೇಯಿಸಿಲ್ಲ. ಒಲಿ ಮುಟ್ಟಿ ನೋಡ್ರಿ."

ಅಜ್ಜಿ ನಿಜಕ್ಕೂ ಮುಟ್ಟಿ ನೋಡಿದರು. ಗುಮಾಸ್ತರು ಮೊದಲ ತುಂಡನ್ನು ಬಾಯಿಗಿಟ್ಟು, ನುಂಗಲೂ ಆಗದೆ ಉಗುಳಲೂ ಆಗದೆ, ನ್ಯಾಯಾಲಯದ ಗಾಂಭೀರ್ಯದಿಂದ ಅಗಿಯುತ್ತಲೇ ಇದ್ದರು.

ಅಜ್ಜಿ ಮೂಗಿನ ಮೇಲಿನ ಸೆರಗು ತೆಗೆದು, "ಬೇಯಿಸ್ಕೊಂಡು ತಿನ್ನಪ್ಪಾ. ಹಸೀದು ತಿಂದು ನಮ್ಮ ಮನ್ಯಾಗ ಸಾಯಬ್ಯಾಡ" ಎಂದು, ತಾವೇ ಒಲೆ ಹಚ್ಚಿಕೊಟ್ಟರು.